ಕಂಪನಿ ತೋರಿಸದ ಸಾಲ ಎಲ್ಲಿ ಸಿಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಚಿಂತೆಯವು. ಪರಿಚಯದವರ ಸಣ್ಣ ಕಂಪನಿಗೆ ದುಡ್ಡು ಹಾಕಬೇಕೋ ಬೇಡವೋ ಅನ್ನುವುದು; ನಾಲ್ಕನೆಯವರು ಮಾತ್ರ ಆಗಲೇ ಹಾಕಿಬಿಟ್ಟಿದ್ದಾರೆ. ಮೊದಲನೇ ಪತ್ರಕ್ಕೆ ಉದ್ದವಾಗಿ ಬರೆದಿದ್ದೇನೆ, ಉಳಿದವರಿಗೂ ಬೇಕಾದದ್ದು ಅದರಲ್ಲಿ ಇದೆ. ಪತ್ರ ಬರೆದವರ ಹೆಸರು, ಕಂಪನಿಗಳ ಹೆಸರು ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು 31 ವರ್ಷ ಬ್ಯಾಂಕಿನಲ್ಲಿದ್ದವಳು. ಅದರಲ್ಲಿ ಜಾಸ್ತಿ ವರ್ಷ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಶಾಖೆಗಳ ಸಾಲ ವಿಭಾಗದಲ್ಲೇ ಕಳೆದೆ.

ಪ್ರಶ್ನೆ: ನಾವು ಐದು ಜನ ಸ್ನೇಹಿತರು, ಎಲ್ಲರೂ ನಿವೃತ್ತರು. ಬ್ಯಾಡಗಿ ಹತ್ತಿರ ಮೆಣಸಿನಪುಡಿ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ತಲಾ 5 ಲಕ್ಷದಂತೆ 25 ಲಕ್ಷ ಹಾಕಿದರೆ 10 ಪರ್ಸೆಂಟ್ ಷೇರು ಕೊಡುತ್ತೇವೆ ಅನ್ನುತ್ತಾರೆ. ಹೋದ ವರ್ಷ 6 ಕೋಟಿ ವಹಿವಾಟಂತೆ. ಬ್ಯಾಂಕ್ ಸಾಲ 40 ಲಕ್ಷ, ಬೇರೆ ಸಾಲ ಏನೂ ಇಲ್ಲವಂತೆ. ಬ್ಯಾಲೆನ್ಸ್ ಶೀಟಿನ ಜೆರಾಕ್ಸ್ ಕೊಟ್ಟಿದ್ದಾರೆ. ಅದರಲ್ಲಿ ವರ್ಷದ ಬಡ್ಡಿ ಖರ್ಚು 14 ಲಕ್ಷ ಅಂತ ಇದೆ. ಅರ್ಧಕ್ಕಿಂತ ಜಾಸ್ತಿ ಮಾಲನ್ನು ಒಬ್ಬರೇ ‘ರಫ್ತು ಪಾರ್ಟ್ನರ್’ ಕೊಳ್ಳುತ್ತಾರೆ ಅನ್ನುತ್ತಾರೆ. ಅವರನ್ನು ನಾವು ನೋಡಿಲ್ಲ. ನಾವು ಏನೇನು ನೋಡಬೇಕು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. 40 ಲಕ್ಷ ಸಾಲಕ್ಕೆ 14 ಲಕ್ಷ ಬಡ್ಡಿ ಅಂದರೆ 35 ಪರ್ಸೆಂಟ್ ಆಯಿತು. ಯಾವ ಬ್ಯಾಂಕೂ ಇಷ್ಟು ಬಡ್ಡಿ ಹಾಕುವುದಿಲ್ಲ. 12 ಪರ್ಸೆಂಟ್ ಅಂತ ಹಿಡಿದು ಹಿಂದಿನಿಂದ ಲೆಕ್ಕ ಹಾಕಿ ನೋಡಿ. 14 ಲಕ್ಷ ಬಡ್ಡಿ ಕಟ್ಟಿದ್ದಾರೆ ಅಂದರೆ ವರ್ಷವಿಡೀ ಸರಾಸರಿ 1 ಕೋಟಿ 17 ಲಕ್ಷ ಸಾಲ ಇರಬೇಕು. ಹಾಗಾದರೆ ಉಳಿದ 77 ಲಕ್ಷ ಯಾರದು? ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. 25 ಲಕ್ಷಕ್ಕೆ 10 ಪರ್ಸೆಂಟ್ ಅಂದರೆ ಇಡೀ ಕಂಪನಿಗೆ 2 ಕೋಟಿ 50 ಲಕ್ಷ ಬೆಲೆ ಕಟ್ಟಿದಂತೆ. ಅದು 40 ಲಕ್ಷ ಸಾಲ ಕಳೆದು ಉಳಿದ ಬೆಲೆ. ಅಂದರೆ ಸಾಲ ಸೇರಿಸಿ ಧಂದೆಯ ಬೆಲೆ 2 ಕೋಟಿ 90 ಲಕ್ಷ ಅಂತ ಅವರ ಲೆಕ್ಕ. ನಿಜವಾದ ಸಾಲ 1 ಕೋಟಿ 17 ಲಕ್ಷವಾದರೆ ಉಳಿಯುವುದು 1 ಕೋಟಿ 73 ಲಕ್ಷ. ಅದರಲ್ಲಿ ನಿಮ್ಮ ಹತ್ತನೇ ಒಂದು ಪಾಲು 17 ಲಕ್ಷ 30 ಸಾವಿರ. ಸಹಿ ಹಾಕಿದ ದಿನವೇ ನಿಮ್ಮ ಐವರ 7 ಲಕ್ಷ 70 ಸಾವಿರ ಹೋಯಿತು. ಧಂದೆಯಲ್ಲಿ ಏನೂ ಕೆಟ್ಟದ್ದು ಆಗದೆಯೇ ಹೋಯಿತು.

ಇದಕ್ಕೆ ನ್ಯಾಯವಾದ ಕಾರಣವೂ ಇರಬಹುದು. ವರ್ಷದ ನಡುವೆ ಸಾಲ ಜಾಸ್ತಿ ಇದ್ದು ಮಾರ್ಚ್ 31ರ ಹೊತ್ತಿಗೆ ಇಳಿದಿರಬಹುದು. ಬೇರೆ ಧಂದೆಯಾಗಿದ್ದರೆ ನಾನು ಈ ಮಾತನ್ನು ಒಪ್ಪುತ್ತಿದ್ದೆ. ಆದರೆ ಇದು ಬ್ಯಾಡಗಿ ಮೆಣಸಿನಕಾಯಿ. ಜನವರಿಯಿಂದ ಮೇ ತನಕ ಹಂಗಾಮು. ಫೆಬ್ರವರಿ, ಮಾರ್ಚಿನಲ್ಲಿ ಮಾರುಕಟ್ಟೆಗೆ ಚೀಲ ಬಂದು ಬೀಳುವುದನ್ನು ನೀವೂ ನೋಡಿರುತ್ತೀರಿ. ಪುಡಿ ಮಾಡುವವರು ವರ್ಷಕ್ಕೆ ಬೇಕಾದ ಮಾಲನ್ನು ಆ ನಾಲ್ಕೈದು ತಿಂಗಳಲ್ಲೇ ಕೊಂಡು, ಬಣ್ಣ ಕೆಡದ ಹಾಗೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕು. ಮಾರ್ಚ್ ಕೊನೆ ಅಂದರೆ ಅವರಿಗೆ ದುಡ್ಡು ಅತಿ ಜಾಸ್ತಿ ಬೇಕಾದ ಹೊತ್ತು. ಸಾಲ ತುದಿ ಮುಟ್ಟಿರಬೇಕಾದ ದಿನವೇ ಬ್ಯಾಲೆನ್ಸ್ ಶೀಟಿನಲ್ಲಿ ಅದು ಕಡಿಮೆ ಕಾಣುತ್ತಿದೆ ಅಂದರೆ, ಬೇರೆ ಯಾರೋ ದುಡ್ಡು ಕೊಟ್ಟಿದ್ದಾರೆ ಅಂತ ಅರ್ಥ.

ಆ ಬೇರೆ ಯಾರೋ ಮೂವರಲ್ಲಿ ಒಬ್ಬರು. ಒಂದು, ದಲಾಲಿ ಅಂಗಡಿಯವರು. ಮಾಲು ಒಯ್ದು ತಿಂಗಳುಗಟ್ಟಲೆ ಉದ್ರಿ ಉಳಿಸಿದರೆ ಅದೂ ಸಾಲವೇ. ಬ್ಯಾಲೆನ್ಸ್ ಶೀಟಿನಲ್ಲಿ ಅದು ‘ಟ್ರೇಡ್ ಪೇಯೆಬಲ್ಸ್’ ಅನ್ನುವ ಸಾಲಿನಲ್ಲಿರುತ್ತದೆ. 2021ರ ಏಪ್ರಿಲ್‌ನಿಂದ ಕಂಪನಿಗಳು ಈ ಬಾಕಿ ಎಷ್ಟು ಹಳೆಯದು ಅಂತ ವಿಂಗಡಿಸಿ ತೋರಿಸಬೇಕು. ಒಂದು ವರ್ಷ ದಾಟಿದ ಬಾಕಿ ಇದ್ದರೆ ಅಲ್ಲಿ ಜಗಳ ಇದೆ ಅಂತ ತಿಳಿಯಿರಿ. ಎರಡು, ನಿರ್ದೇಶಕರು ಮತ್ತು ಅವರ ನೆಂಟರಿಂದ ಬಂದ ಕೈಗಡ. ಮೂರನೆಯದು ನಿಮ್ಮ ಆ ರಫ್ತು ಪಾರ್ಟ್ನರ್ ಕೊಟ್ಟ ಮುಂಗಡ. ನನಗೆ ಜಾಸ್ತಿ ಅನುಮಾನ ಬರುವುದು ಇಲ್ಲೇ. ಅರ್ಧಕ್ಕಿಂತ ಜಾಸ್ತಿ ಮಾಲು ಕೊಳ್ಳುವವನು ಮುಂಗಡವನ್ನೂ ಕೊಟ್ಟಿದ್ದರೆ ಅವನು ಗಿರಾಕಿಯಷ್ಟೇ ಅಲ್ಲ, ಸಾಲಗಾರನ ಯಜಮಾನ. ಅವನು ಹೇಳಿದ ರೇಟಿಗೆ ಪುಡಿ ಕೊಡಬೇಕಾಗುತ್ತದೆ. ಲಾಭ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಈಗ ಮುಖ್ಯ ಮಾತು. ದುಡ್ಡು ಕೇಳುವವರು ಕೈಗೆ ಕೊಟ್ಟ ಕಾಗದ ಸಾಲದು. ಅದೇ ಕಾಗದವನ್ನು ಅದು ಹುಟ್ಟಿದ ಜಾಗದಿಂದ ನೀವೇ ತರಿಸಿಕೊಳ್ಳಬೇಕು. ಸತ್ಯಂ ಕಂಪ್ಯೂಟರ್ಸ್ ನೆನಪಿದೆಯಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಎಲ್ಲರೂ ನೆನಪಿಟ್ಟುಕೊಂಡದ್ದು 5,040 ಕೋಟಿ ರೂಪಾಯಿಯ ಇಲ್ಲದ ನಗದು. ಆದರೆ ಅದೇ ಪತ್ರದಲ್ಲಿ 1,230 ಕೋಟಿಯ ಸಾಲವನ್ನು ಲೆಕ್ಕದಲ್ಲಿ ತೋರಿಸಿಲ್ಲ ಅನ್ನುವ ಒಪ್ಪಿಗೆಯೂ ಇತ್ತು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾಗಿರುವಾಗ ಜೆರಾಕ್ಸ್ ಹಾಳೆಯನ್ನು ನಂಬಿ 25 ಲಕ್ಷ ಕೊಡುವುದು ಬೇಡ.

ಜೆರಾಕ್ಸಿನಿಂದಲೇ ಶುರು ಮಾಡಿ. ಆಡಿಟ್ ವರದಿಯಲ್ಲಿ ಸಿಎ ಸಹಿಯ ಹತ್ತಿರ ಯುಡಿಐಎನ್ ಅಂತ 18 ಅಕ್ಷರ-ಅಂಕಿಗಳ ಒಂದು ನಂಬರ್ ಇರಬೇಕು. 2019ರ ಜುಲೈನಿಂದ ಎಲ್ಲ ಆಡಿಟ್ ವರದಿಗೂ ಅದು ಕಡ್ಡಾಯ. ಸಿಎಗಳ ಸಂಸ್ಥೆಯ ಯುಡಿಐಎನ್ ಪೋರ್ಟಲಿನಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ನೋಡಬಹುದು. ನಿಮ್ಮ ಜೆರಾಕ್ಸಿನಲ್ಲಿ ನಂಬರ್ ಇಲ್ಲದಿದ್ದರೆ ಅದು ಆಡಿಟ್ ಆದ ಬ್ಯಾಲೆನ್ಸ್ ಶೀಟೇ ಅಲ್ಲದಿರಬಹುದು.

ಆಮೇಲೆ ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲ್. ಕಂಪನಿಯ ಮಾಸ್ಟರ್ ಡೇಟಾ ಉಚಿತವಾಗಿ ಸಿಗುತ್ತದೆ. ವಿಳಾಸ, ನಿರ್ದೇಶಕರು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ತಾರೀಖಿನದು ಅನ್ನುವುದೆಲ್ಲ ಇರುತ್ತದೆ. ಜೊತೆಗೆ ‘ಚಾರ್ಜ್’ ಪಟ್ಟಿ, ಅಂದರೆ ಕಂಪನಿಯ ಆಸ್ತಿಯ ಮೇಲೆ ಯಾರ್ಯಾರ ಸಾಲದ ಹಕ್ಕಿದೆ ಅನ್ನುವುದು. 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಕಾಗದಗಳನ್ನೇ ತೆರೆದು ನೋಡಬಹುದು. ಎಒಸಿ-4 ಅನ್ನುವ ಫಾರ್ಮಿನಲ್ಲಿ ಬ್ಯಾಲೆನ್ಸ್ ಶೀಟ್ ಇರುತ್ತದೆ, ಸಿಎಚ್‌ಜಿ-1ರಲ್ಲಿ ಅಡಮಾನದ ವಿವರ. ಅದನ್ನು ಪ್ರಿಂಟ್ ತೆಗೆದು ನಿಮಗೆ ಕೊಟ್ಟ ಜೆರಾಕ್ಸಿನ ಪಕ್ಕ ಇಟ್ಟು ಒಂದೊಂದೇ ಸಾಲು ಓದಿ. ಐದು ಜನ ಇದ್ದೀರಿ, ಒಬ್ಬರು ಓದಿ, ಇನ್ನೊಬ್ಬರು ಬೆರಳಿಟ್ಟು ನೋಡಿ. ನಾವು ಬ್ಯಾಂಕಿನಲ್ಲಿ ಹಾಗೇ ಮಾಡುತ್ತಿದ್ದೆವು. ಎರಡರಲ್ಲಿ ಒಂದು ಅಂಕಿ ಬೇರೆ ಇದ್ದರೂ ಅಲ್ಲೇ ನಿಲ್ಲಿ.

ಚಾರ್ಜ್ ಪಟ್ಟಿಯಲ್ಲಿ ಹಳೆಯ ಸಾಲವೊಂದು ತೆರೆದೇ ಇದ್ದರೆ ಸುಮ್ನೆ ಹೆದರಬೇಡಿ. ಸಾಲ ತೀರಿದ ಮೇಲೆ ಅದನ್ನು ತಿಳಿಸುವ ಸಿಎಚ್‌ಜಿ-4 ಹಾಕುವುದನ್ನು ಮರೆತವರು ಇದ್ದಾರೆ. ಬ್ಯಾಂಕಿನ ನೋ ಡ್ಯೂ ಪತ್ರ ಕೇಳಿದರೆ ಆಯಿತು. ಹಾಗೇ ಪಟ್ಟಿ ಖಾಲಿ ಇದೆ ಅಂತ ಖುಷಿಯೂ ಪಡಬೇಡಿ. ಆಸ್ತಿ ಅಡ ಇಡದೆ ತಂದ ಕೈಗಡ, ದಲಾಲರ ಉದ್ರಿ, ಬೇರೆಯವರ ಸಾಲಕ್ಕೆ ಕಂಪನಿ ಹಾಕಿದ ಜಾಮೀನು ಇವು ಯಾವುವೂ ಅಲ್ಲಿ ಕಾಣುವುದಿಲ್ಲ. ಜಾಮೀನು ಬ್ಯಾಲೆನ್ಸ್ ಶೀಟಿನ ಕೊನೆಯ ಟಿಪ್ಪಣಿಗಳಲ್ಲಿ ‘ಕಂಟಿಂಜೆಂಟ್ ಲಯಬಿಲಿಟಿ’ ಅಂತ ಎರಡು ಸಾಲಿನಲ್ಲಿ ಕೂತಿರುತ್ತದೆ. ಎಲ್ಲರೂ ಲಾಭದ ಅಂಕಿ ನೋಡಿ ಹಾಳೆ ಮಡಚುತ್ತಾರೆ. ನೀವು ಹಿಂದಿನಿಂದ ಓದಿ. ‘ರಿಲೇಟೆಡ್ ಪಾರ್ಟಿ’ ಅನ್ನುವ ಟಿಪ್ಪಣಿಯೂ ಅಲ್ಲೇ ಇರುತ್ತದೆ. ನಿರ್ದೇಶಕರ ಮನೆಯವರ, ಅವರದೇ ಬೇರೆ ಸಂಸ್ಥೆಗಳ ಜೊತೆ ಏನು ಕೊಡುಕೊಳ್ಳುವಿಕೆ ಆಗಿದೆ ಅಂತ ತಿಳಿಯುತ್ತದೆ.

ಈಗ ಆ ಪಾರ್ಟ್ನರ್. ಅವರ ಜಿಎಸ್‌ಟಿ ನಂಬರ್ ಕೇಳಿ. ಬಿಲ್ಲಿನ ಮೇಲೆ ಇದ್ದೇ ಇರುತ್ತದೆ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಇಡೀ ನಂಬರಿನ 6ನೇ ಅಕ್ಷರ ನೋಡಿ. ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ದೊಡ್ಡ ಎಕ್ಸ್‌ಪೋರ್ಟ್ ಕಂಪನಿ ಅಂತ ಹೇಳಿದವರ ನಂಬರಿನಲ್ಲಿ ‘ಪಿ’ ಇದ್ದರೆ ಕೇಳಲೇಬೇಕು. ಜಿಎಸ್‌ಟಿ ಪೋರ್ಟಲಿನಲ್ಲಿ ನಂಬರ್ ಹಾಕಿದರೆ ಯಾವತ್ತು ನೋಂದಣಿಯಾಯಿತು, ಈಗಲೂ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸರಿಯಾಗಿ ಸಲ್ಲಿಸಿದ್ದಾರೋ ಎಲ್ಲ ಕಾಣುತ್ತದೆ. ಮೂರು ವರ್ಷದಿಂದ ಕೊಳ್ಳುತ್ತಿದ್ದಾರೆ ಅಂತ ಹೇಳಿ, ನೋಂದಣಿಯಾಗಿ ಎಂಟೇ ತಿಂಗಳಾಗಿದ್ದರೆ ಆ ಮೂರು ವರ್ಷದ ಮಾತು ಸುಳ್ಳಾಗಿರಬಹುದು. ರಫ್ತು ಮಾಡುವವರಿಗೆ ಐಇಸಿ ಅನ್ನುವ ಕೋಡ್ ಬೇಕು, ಮಸಾಲೆ ಪದಾರ್ಥಕ್ಕೆ ಸ್ಪೈಸಸ್ ಬೋರ್ಡಿನ ನೋಂದಣಿಯೂ ಬೇಕು. ಎರಡನ್ನೂ ಕೇಳಿ.

ಅವರದೂ ಕಂಪನಿಯಾದರೆ ಎಂಸಿಎಯಲ್ಲಿ ಅದರ ನಿರ್ದೇಶಕರ ಹೆಸರು ನೋಡಿ. ನಿಮ್ಮ ಮೆಣಸಿನಪುಡಿ ಕಂಪನಿಯವರ ಮನೆತನದ ಹೆಸರು ಅಲ್ಲೂ ಇದೆಯಾ? ವಿಳಾಸ ಒಂದೇ ಇದೆಯಾ? ಸ್ಟ್ರೈಕ್ ಆಫ್ ಅಂತ ಬಂದರೆ ಆ ಕಂಪನಿಯ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕಿದ್ದಾರೆ. 2017ರಲ್ಲಿ ಒಂದೇ ಸಲಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಕಂಪನಿಗಳ ಹೆಸರು ಹೀಗೆ ಹೋಯಿತು. ಈಗ ಕಂಪನಿಗಳು ಇಂಥ ರದ್ದಾದ ಕಂಪನಿಗಳ ಜೊತೆ ವ್ಯವಹಾರ ಇದ್ದರೆ ಬ್ಯಾಲೆನ್ಸ್ ಶೀಟಿನಲ್ಲೇ ಹೇಳಬೇಕು. ಇ-ಕೋರ್ಟ್ಸ್ ತಾಣದಲ್ಲಿ ಹಾವೇರಿ, ಧಾರವಾಡ, ಗದಗ ಮೂರೂ ಜಿಲ್ಲೆಯ ನ್ಯಾಯಾಲಯಗಳಲ್ಲಿ ಪಾರ್ಟಿಯ ಹೆಸರು ಹಾಕಿ ಹುಡುಕಿ. ಚೆಕ್ ಬೌನ್ಸ್ ಕೇಸುಗಳು ಅಲ್ಲಿ ಸಿಗುತ್ತವೆ. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ವಿಳಾಸ ತಾಳೆ ನೋಡದೆ ಯಾರ ಮೇಲೂ ಮಾತು ಹೊರಿಸಬೇಡಿ.

ಆ ಪಾರ್ಟ್ನರ್‌ಗೆ ಮಾರಿದ್ದು ನಿಜವಾದ ಮಾರಾಟವೇ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಮಾರ್ಚ್ 31ಕ್ಕೆ ಅವರಿಂದ ಬರಬೇಕಾದ ಬಾಕಿ ಎಷ್ಟಿತ್ತು ಅಂತ ಬರೆದುಕೊಳ್ಳಿ. ಏಪ್ರಿಲ್‌ನಿಂದ ಈವತ್ತಿನ ತನಕ ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದರಲ್ಲಿ ಎಷ್ಟು ಜಮಾ ಆಗಿದೆ ಅಂತ ಗೆರೆ ಎಳೆಯಿರಿ. ಬಂದ ದುಡ್ಡು ಎರಡು ಮೂರು ದಿನದಲ್ಲಿ ಬೇರೆ ಹೆಸರಿಗೆ ಹೋಗಿ, ಮತ್ತೆ ಅಲ್ಲಿಂದ ಬಂದಿದ್ದರೆ ಅದು ಮಾರಾಟ ಅಲ್ಲ, ಒಂದೇ ದುಡ್ಡು ಸುತ್ತು ಹಾಕುತ್ತಿದೆ.

ಇಷ್ಟೆಲ್ಲ ಮನೆಯಲ್ಲಿ ಕೂತು ಮಾಡುವ ಕೆಲಸ. ಆಮೇಲೆ ಹೊರಡಿ. ಬ್ಯಾಡಗಿಗೆ ಸೋಮವಾರ ಅಥವಾ ಗುರುವಾರ ಹೋಗಿ, ಅವತ್ತು ಸಂತೆ ಇರುತ್ತದೆ. ನಾಲ್ಕು ದಲಾಲಿ ಅಂಗಡಿಯಲ್ಲಿ ಕೂತು ಆ ಕಂಪನಿಯವರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಅಂತ ಕೇಳಿ. ಅಂಗಡಿಯವರು ಬೈಯುವುದಿಲ್ಲ. ಒಳ್ಳೆ ಪಾರ್ಟಿಯಾದರೆ ತಕ್ಷಣ ಹೇಳುತ್ತಾರೆ. ಅಲ್ಲದಿದ್ದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಅದೂ ಉತ್ತರವೇ.

ಕೋಲ್ಡ್ ಸ್ಟೋರೇಜಿಗೂ ಹೋಗಿ. ಚೀಲ ಇದೆಯಾ ಅಂತ ನೋಡಿದರೆ ಸಾಲದು, ರಸೀದಿ ಯಾರ ಹೆಸರಿನಲ್ಲಿದೆ, ಯಾರ ಹತ್ತಿರ ಇದೆ ಅಂತ ಕೇಳಬೇಕು. ರಸೀದಿ ಒತ್ತೆ ಇಟ್ಟುಕೊಂಡು ಬ್ಯಾಂಕುಗಳು ಸಾಲ ಕೊಡುತ್ತವೆ. ಚೀಲ ಒಳಗಿದೆ, ಲೆಕ್ಕದಲ್ಲಿ ಸ್ಟಾಕ್ ಅಂತ ಬರೆದಿದೆ, ಆದರೆ ಬ್ಯಾಂಕಿನ ಪತ್ರ ಇಲ್ಲದೆ ಒಂದು ಚೀಲವೂ ಹೊರಗೆ ಬರುವುದಿಲ್ಲ. ಅಂಥ ಸ್ಟಾಕನ್ನು ನಿಮಗೆ ಕಂಪನಿಯ ಆಸ್ತಿ ಅಂತ ತೋರಿಸಿದರೆ ಅದರ ಜೊತೆಗೆ ಇರುವ ಸಾಲವನ್ನೂ ತೋರಿಸಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. 2009ರಲ್ಲಿ ನಾನು ಗದಗಿನ ಕಡೆ ಒಂದು ಹತ್ತಿ ಗಿರಣಿಯ ಗೋದಾಮು ನೋಡಲು ಹೋಗಿದ್ದೆ. ಸಾಲದ ಲಿಮಿಟ್ ನವೀಕರಿಸಬೇಕಿತ್ತು. ಅಂಡಿಗೆ, ಅಂದರೆ ಹತ್ತಿಯ ಬೇಲು, ಎಣಿಸಿದೆ, ಲೆಕ್ಕ ಸರಿ ಇತ್ತು. ಬಾಗಿಲ ಪಕ್ಕ, ಒಳಗಿನ ಮಾಲಿನ ಮೇಲೆ ನಮ್ಮ ಸಾಲ ಇದೆ ಅಂತ ತಿಳಿಸಲು, ನಮ್ಮ ಬ್ಯಾಂಕಿನ ಹೆಸರಿನ ತಗಡಿನ ಬೋರ್ಡ್ ಇತ್ತು. ಅದರ ಆಚೆ, ಹಳೇ ಸುಣ್ಣದ ಗೋಡೆಯ ಮೇಲೆ ಎರಡಡಿ ಅಗಲದ ಒಂದು ಚೌಕ ಮಾತ್ರ ಹೊಸದಾಗಿ ಬೆಳ್ಳಗಿತ್ತು. ನಾಲ್ಕು ಮೂಲೆಯಲ್ಲಿ ಮೊಳೆ ಕಿತ್ತ ತೂತು. ಇದೇನು ಅಂತ ಕೇಳಿದೆ. “ಅಲ್ಲಿ ಕ್ಯಾಲೆಂಡರ್ ಹಾಕಿದ್ವಿ ಮೇಡಂ” ಅಂದ ಗುಮಾಸ್ತ. ಕ್ಯಾಲೆಂಡರಿಗೆ ಯಾರೂ ನಾಲ್ಕು ಮೊಳೆ ಹೊಡೆಯುವುದಿಲ್ಲ. ಅದು ನನಗೆ ಆಗಲೇ ಹೊಳೆಯಿತು. ಆದರೂ ಚಹಾ ಕುಡಿದು, ವರದಿಯಲ್ಲಿ ಅಂಡಿಗೆಯ ಲೆಕ್ಕವನ್ನಷ್ಟೇ ಬರೆದು ಬಂದೆ. ಅದು ಇನ್ನೊಂದು ಬ್ಯಾಂಕಿನ ಬೋರ್ಡ್ ಇದ್ದ ಜಾಗ. ಅದೇ ಅಂಡಿಗೆಗಳ ಮೇಲೆ ಅವರೂ ಸಾಲ ಕೊಟ್ಟಿದ್ದರು. ನಾವು ಬರುವ ದಿನ ಅವರದನ್ನು ಕಿತ್ತು, ಅವರು ಬರುವ ದಿನ ನಮ್ಮದನ್ನು ಕೀಳುತ್ತಿದ್ದರು.

ಅದು ಪಾಲುದಾರಿಕೆ ಸಂಸ್ಥೆ, ಕಂಪನಿ ಅಲ್ಲ. ಹಾಗಾಗಿ ಎಂಸಿಎಯ ಚಾರ್ಜ್ ಪಟ್ಟಿ ಅದಕ್ಕೆ ಇರಲಿಲ್ಲ. ಬ್ಯಾಂಕುಗಳ ಅಡಮಾನವನ್ನು ಒಂದೇ ಕಡೆ ದಾಖಲಿಸುವ ಸೆರ್ಸಾಯ್ ಶುರುವಾದದ್ದು 2011ರಲ್ಲಿ. ಮೊದಲು ಸ್ಥಿರಾಸ್ತಿ, ಆಮೇಲೆ ಸರಕು, ಯಂತ್ರಗಳೂ ಸೇರಿದವು. ಈಗ ಸ್ವಲ್ಪ ಶುಲ್ಕ ಕಟ್ಟಿ ಸಾರ್ವಜನಿಕರೂ ಅಲ್ಲಿ ಹುಡುಕಬಹುದು. ನೀವೂ ಹುಡುಕಿ. ಆದರೆ ಗೋಡೆಯನ್ನೂ ನೋಡಿ.

ಎಲ್ಲ ಸರಿ ಕಂಡರೆ ಕೊನೆಗೆ ಎರಡು ಕಾಗದ ಕೇಳಿ. ಕಂಪನಿಯ ಸಿಬಿಲ್ ಕಮರ್ಷಿಯಲ್ ವರದಿ. ಅದನ್ನು ಕಂಪನಿಯವರೇ ತೆಗೆಯಬೇಕು, ನಿಮ್ಮ ಎದುರಿಗೆ ಲಾಗಿನ್ ಆಗಿ ತೆಗೆಯಲಿ. ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ) ಸಾಲ ಎಲ್ಲ ಅದರಲ್ಲಿ ಬರುತ್ತದೆ. ಇನ್ನೊಂದು, ಸಾಲ ಎಷ್ಟಿದೆ, ಕಂತು ಸರಿಯಾಗಿ ಬರುತ್ತಿದೆಯಾ ಅಂತ ಬ್ಯಾಂಕಿನ ಪತ್ರ. ಕಂಪನಿಯ ಒಪ್ಪಿಗೆ ಪತ್ರ ಹಿಡಿದು ನೀವೇ ಶಾಖೆಗೆ ಹೋಗಿ, ಮ್ಯಾನೇಜರ್ ಕೈಯಿಂದಲೇ ತನ್ನಿ.

ಷೇರಿನ ಕರಾರಿನಲ್ಲಿ ಒಂದು ಷರತ್ತು ಬಿಡಬೇಡಿ: ಇವತ್ತಿನ ತಾರೀಖಿನ ಮುಂಚಿನ, ನಮಗೆ ಹೇಳದ ಸಾಲ ಮುಂದೆ ಹೊರಬಿದ್ದರೆ ಅದನ್ನು ಈಗಿನ ಮಾಲೀಕರು ಸ್ವಂತ ದುಡ್ಡಿನಿಂದ ತೀರಿಸಬೇಕು. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಖಾಸಗಿಯಾಗಿ ಷೇರು ಕೊಡುವಾಗ ನಗದು ತೆಗೆದುಕೊಳ್ಳುವಂತೆಯೇ ಇಲ್ಲ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು, ಇಲ್ಲದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್ ಕೊಡಬೇಕು. ಆಗಲೂ ಕೊಡದಿದ್ದರೆ 12 ಪರ್ಸೆಂಟ್ ಬಡ್ಡಿ ಸೇರಿಸಿ ಕೊಡಬೇಕು. ಇದು 2013ರ ಕಂಪನಿ ಕಾಯ್ದೆಯ 42ನೇ ಕಲಂ. ‘ಅರ್ಧ ನಗದು ಕೊಡಿ’ ಅಂದರೆ ಎದ್ದು ಬನ್ನಿ.

ಆ 77 ಲಕ್ಷದ ಉತ್ತರ ಏನು ಬಂತು ಅಂತ ನನಗೂ ಬರೆಯಿರಿ.

ಪ್ರಶ್ನೆ: ಸ್ನೇಹಿತರು ಬೀಜದ ವ್ಯಾಪಾರ ಮಾಡುತ್ತಾರೆ. ಪಾಲುದಾರಿಕೆ ಫರ್ಮ್. 8 ಲಕ್ಷ ಕೊಟ್ಟರೆ ಸ್ಲೀಪಿಂಗ್ ಪಾರ್ಟ್ನರ್ ಮಾಡಿಕೊಳ್ಳುತ್ತೇವೆ, ನಿಮಗೆ ಯಾವ ತಲೆನೋವೂ ಇಲ್ಲ ಅನ್ನುತ್ತಾರೆ. ಮುಳುಗಿದರೂ 8 ಲಕ್ಷ ತಾನೇ ಹೋಗುವುದು?
— ಓದುಗರು, ರಾಣೆಬೆನ್ನೂರು

ಉತ್ತರ: ಇಲ್ಲ. ಹೋಗುವುದು 8 ಲಕ್ಷ ಮಾತ್ರ ಅಲ್ಲ. ಕಂಪನಿಯ ಷೇರಿಗೂ ಫರ್ಮಿನ ಪಾಲಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೀವು ಪಾಲುದಾರರಾಗಿದ್ದ ಕಾಲದಲ್ಲಿ ಫರ್ಮ್ ಮಾಡಿದ ಸಾಲಕ್ಕೆ ನಿಮ್ಮ ಮನೆ, ಹೊಲ, ಠೇವಣಿ ಎಲ್ಲ ಜವಾಬ್ದಾರಿ. ಸಾಲ ಕೊಟ್ಟವರು ಎಲ್ಲ ಪಾಲುದಾರರನ್ನೂ ಕೇಳಬಹುದು, ಒಬ್ಬರನ್ನೇ ಹಿಡಿದು ಪೂರ್ತಿ ಕೇಳಲೂಬಹುದು. ಮಲಗಿರುವ ಪಾಲುದಾರ ಅಂತ ಕಾನೂನು ಬಿಡುವುದಿಲ್ಲ. ನೀವು ಸೇರುವ ಮುಂಚಿನ ಸಾಲಕ್ಕೆ ಸಾಮಾನ್ಯವಾಗಿ ನೀವು ಹೊಣೆ ಅಲ್ಲ. ಆದರೆ ಸೇರಿದ ಮೇಲೆ ಬ್ಯಾಂಕಿನವರು ಹಳೇ ಲಿಮಿಟನ್ನು ನವೀಕರಿಸುತ್ತಾರೆ, ಹೊಸ ಪಾಲುದಾರರಿಂದಲೂ ಸಹಿ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಹಳೇ ಸಾಲವೂ ನಿಮ್ಮ ಕೊರಳಿಗೆ ಬಂತು.

ಮೇಲೆ ಹೇಳಿದ ಹತ್ತಿ ಗಿರಣಿಯಲ್ಲಿ ಇಬ್ಬರು ಮಾಸ್ತರರು ಹೀಗೇ ಪಾಲು ಹಾಕಿದ್ದರು. ನವೀಕರಣದ ಕಾಗದಕ್ಕೆ ಅವರ ಸಹಿಯೂ ಆಗಿತ್ತು. ಗಿರಣಿ ನಿಂತ ಮೇಲೆ ವಸೂಲಿಯ ನೋಟಿಸು ಅವರ ಮನೆಗೂ ಹೋಯಿತು. ಆ ನೋಟಿಸಿಗೆ ಸಹಿ ಹಾಕಿದವಳು ನಾನು. ಅವರಲ್ಲಿ ಒಬ್ಬರು ಶಾಖೆಗೆ ಬಂದು ನನ್ನ ಮೇಜಿನ ಎದುರು ಕೂತು, “ಬ್ಯಾಂಕಿನವರು ನೋಡಿ ಸಾಲ ಕೊಟ್ಟಾರಂದ್ರ ಎಲ್ಲಾ ಸರಿ ಇರತೈತಿ ಅಂತ ನಾವು ಹಾಕಿದ್ವಿ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಈ ಅಂಕಣ ಬರೆಯಲು ಒಪ್ಪಿಕೊಂಡದ್ದು ಅವರಿಗೋಸ್ಕರ.

ಸ್ನೇಹಿತರ ಮೇಲೆ ನಂಬಿಕೆ ಇದ್ದರೆ 8 ಲಕ್ಷವನ್ನು ಬ್ಯಾಂಕ್ ಮೂಲಕ ಸಾಲವಾಗಿ ಕೊಡಿ, ಬಡ್ಡಿ, ಅವಧಿ ಬರೆಸಿಕೊಳ್ಳಿ. ಪಾಲೇ ಬೇಕು ಅಂದರೆ ಮೊದಲು ಫರ್ಮನ್ನು ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಮಾಡಿಕೊಳ್ಳಲಿ. ಅದರಲ್ಲಿ ನೀವೇ ಜಾಮೀನು ಹಾಕದಿದ್ದರೆ ನಿಮ್ಮ ಹೊಣೆ ನೀವು ಒಪ್ಪಿಕೊಂಡ ಮೊತ್ತಕ್ಕಷ್ಟೇ.

ಪ್ರಶ್ನೆ: ಕಂಪನಿ ನಡೆಸುವವರು ನಮ್ಮ ಬೀಗರು. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಇದೆ, ಊರಲ್ಲಿ ಹೊಲ ಇದೆ. ಕಾಗದ ಕೇಳಿದರೆ ಸಂಬಂಧ ಕೆಡುತ್ತದೆ ಅಂತ ಮನೆಯವರು ಹೆದರುತ್ತಾರೆ.
— ಓದುಗರು, ಧಾರವಾಡ

ಉತ್ತರ: ಕೇಳಿದರೆ ಒಂದು ವಾರ ಮುಖ ಸಣ್ಣದಾಗಬಹುದು. ದುಡ್ಡು ಹೋದರೆ ಆ ಮನೆಗೆ ನಿಮ್ಮ ಮಗಳು ಹೇಗೆ ಮುಖ ತೋರಿಸಬೇಕು, ಯೋಚಿಸಿ. ಪಟ್ಟಿಯನ್ನು ವಾಟ್ಸಾಪ್ ಮಾಡಬೇಡಿ. ಎದುರಿಗೆ ಕೂತು, “ನಮ್ಮ ಸಿಎ ಕೇಳುತ್ತಾರೆ, ಅವರಿಗೆ ತೋರಿಸದೆ ನಾನು ಯಾವ ಚೆಕ್ಕಿಗೂ ಸಹಿ ಹಾಕುವುದಿಲ್ಲ” ಅಂತ ಹೇಳಿ. ಹೇಳುವ ಮುಂಚೆ ನಿಜವಾಗಿಯೂ ಒಬ್ಬ ಸಿಎ ಹತ್ತಿರ ಹೋಗಿರಿ.

ಯಾರನ್ನೂ ಕೇಳದೆಯೂ ಕೆಲವು ಕೆಲಸ ಆಗುತ್ತದೆ. ಹೊಲದ ಪಹಣಿ ತೆಗೆಸಿ 11ನೇ ಕಲಂ ನೋಡಿ. ಇತರ ಹಕ್ಕುಗಳು, ಋಣಗಳು ಅಂತ ಇರುತ್ತದೆ. ಸೊಸೈಟಿ, ಬ್ಯಾಂಕಿನ ಬೋಜಾ ಅಲ್ಲಿ ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, 15 ವರ್ಷದ್ದಾದರೂ ಇರಲಿ. ಆದರೆ ಮೂಲ ಕಾಗದಪತ್ರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಎಲ್ಲ ಸಲವೂ ಇಸಿಯಲ್ಲಿ ಬರುವುದಿಲ್ಲ. ಹಾಗಾಗಿ ಮೂಲ ಪತ್ರವನ್ನೇ ನೋಡಬೇಕು. ಲಾಕರಿನಲ್ಲಿದೆ ಅಂದರೆ ಲಾಕರ್ ತನಕ ಜೊತೆಗೆ ಹೋಗಿ. ಬೇಲೂರಿನ ಪ್ಲಾಟು ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿಯದಾದರೆ ಅದು ಅವರ ಸ್ವಂತಕ್ಕೆ ಪೂರ್ತಿ ಕ್ರಯವಾಗಿದೆಯೋ, ಇನ್ನೂ ಲೀಸಿನಲ್ಲೇ ಇದೆಯೋ ಕೇಳಿ. ಲೀಸಿನಲ್ಲಿರುವ ಜಾಗವನ್ನು ಸ್ವಂತ ಆಸ್ತಿಯ ಬೆಲೆಗೆ ಲೆಕ್ಕ ಹಿಡಿಯಬೇಡಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಒಂದು ಕಂಪನಿಗೆ 6 ಲಕ್ಷ ಕೊಟ್ಟೆ. ಷೇರು ಇಲ್ಲ, ಒಂದು ಬಾಂಡ್ ಪೇಪರ್ ಮಾತ್ರ. ತಿಂಗಳಿಗೆ 2 ಪರ್ಸೆಂಟ್ ಕೊಡುತ್ತಿದ್ದರು, ಈಗ ನಿಲ್ಲಿಸಿದ್ದಾರೆ. ನನ್ನ ಹಾಗೇ ಇನ್ನೂ ಬಹಳ ಜನರಿಂದ ತೆಗೆದುಕೊಂಡಿದ್ದಾರೆ ಅಂತ ಈಗ ಗೊತ್ತಾಯಿತು. ಮಾಲೀಕರ ಸಹಿಯ ಒಂದು ಚೆಕ್ ನನ್ನ ಹತ್ತಿರ ಇದೆ. ಇನ್ನೆರಡು ತಿಂಗಳು ತಡೆಯಿರಿ ಅನ್ನುತ್ತಾರೆ.
— ಓದುಗರು, ಗದಗ

ಉತ್ತರ: ತಡೆಯಬೇಡಿ. ನಿಮ್ಮ ವಿಷಯದಲ್ಲಿ ತಾರೀಖು ಬಹಳ ಮುಖ್ಯ. ಕೊಟ್ಟ ಸಾಲ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವು ಮುಗಿಯುವ ಮುಂಚೆ ಮಾಲೀಕರು ಬಾಕಿಯನ್ನು ಒಪ್ಪಿಕೊಂಡು ಸಹಿ ಹಾಕಿ ಬರೆದುಕೊಟ್ಟರೆ ಅವತ್ತಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಅವರು ಎರಡು ತಿಂಗಳು ಕೇಳುತ್ತಿರುವುದು ಇದನ್ನು ತಿಳಿದೇ ಇರಬಹುದು. ಹಾಗಾಗಿ ಸಮಯ ಬೇಕಾದರೆ, ‘6 ಲಕ್ಷ ಬಾಕಿ ಇದೆ, ಇಂಥ ತಾರೀಖಿಗೆ ಕೊಡುತ್ತೇನೆ’ ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿಕೊಡಲಿ.

ಚೆಕ್ ಮೇಲಿನ ತಾರೀಖು ನೋಡಿ. ಆ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದರೆ, ಬಂದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ ಅಲ್ಲಿಂದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು ಹೋಗಬೇಕು.

ಇನ್ನು, ಪ್ರೈವೇಟ್ ಕಂಪನಿ ಊರ ಜನರಿಂದ ಹೀಗೆ ಬಡ್ಡಿಗೆ ಠೇವಣಿ ಎತ್ತುವಂತಿಲ್ಲ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೂ ಇದೆ. ಉಳಿದವರನ್ನೂ ಸೇರಿಸಿಕೊಂಡು ಪೊಲೀಸರಿಗೆ ಒಟ್ಟಾಗಿ ದೂರು ಕೊಡಿ. ಹತ್ತು ಜನರ ಬಾಂಡ್ ಪೇಪರ್ ಒಂದೇ ಫೈಲಿನಲ್ಲಿ ಇದ್ದರೆ ಅದಕ್ಕೆ ತೂಕ ಬರುತ್ತದೆ. ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅದರ ಕಚೇರಿ ಗದಗಿನ ನ್ಯಾಯಾಲಯದಲ್ಲೇ ಇದೆ.

ನೀವು ದುಡ್ಡು ಕೊಟ್ಟ ತಾರೀಖನ್ನು ಪತ್ರದಲ್ಲಿ ಬರೆದಿಲ್ಲ, ‘ಮೂರು ವರ್ಷದ ಹಿಂದೆ’ ಅಂತ ಮಾತ್ರ ಇದೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ತಡವಾಗಬಾರದು ಅಂತ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇದನ್ನು ಓದಿದ ದಿನವೇ ಬಾಂಡ್ ಪೇಪರ್ ತೆಗೆದು ತಾರೀಖು ನೋಡಿ. ನಾಳೆ ಬೆಳಿಗ್ಗೆ ವಕೀಲರ ಹತ್ತಿರ ಹೋಗಿ, ಚೆಕ್ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.